ನೆಲದ ನಾದ ಮತ್ತು ವೇದಿಕೆಯ ಜಾನಪದ: ದಕ್ಷಿಣ ಬೆಂಗಳೂರಿನ ಕಾಲೇಜು ಆವರಣಗಳಲ್ಲಿ ತಮಟೆಯ ಸ್ಥಾನ

ಶಿಕ್ಷಣ ಸಂಸ್ಥೆಯೊಂದರ ಪರಂಪರೆಯನ್ನು ಅದರ ಸ್ಥಾಪನೆಯ ವರ್ಷದಿಂದ ಎಣಿಸುವುದು ವಾಡಿಕೆ. ಜಯನಗರದ ನ್ಯಾಷನಲ್ ಕಾಲೇಜು 1965ರಲ್ಲಿ, ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು 1973ರಲ್ಲಿ ಆರಂಭವಾದವು. ದಕ್ಷಿಣ ಬೆಂಗಳೂರಿನ ಬಹುಪಾಲು ಕಾಲೇಜುಗಳ ಚರಿತ್ರೆಯೂ ಹೀಗೆಯೇ ಸ್ವಾತಂತ್ರ್ಯೋತ್ತರ ದಶಕಗಳಲ್ಲಿ ತೊಡಗುತ್ತದೆ. ಆದರೆ ಈ ಕಟ್ಟಡಗಳು ನಿಂತ ನೆಲದ ಚರಿತ್ರೆ ಅಲ್ಲಿ ತೊಡಗುವುದಿಲ್ಲ. ಆ ನೆಲದಲ್ಲಿ ಅದಕ್ಕೂ ಮೊದಲು ಊರುಗಳಿದ್ದವು, ಕೆರೆಗಳಿದ್ದವು, ಗ್ರಾಮದೇವತೆಗಳಿದ್ದವು. ಊರಿನ ಆಗುಹೋಗುಗಳನ್ನು ಊರಿಗೆ ತಿಳಿಸುವ ಚರ್ಮವಾದ್ಯವೊಂದಿತ್ತು. ವರ್ಷಕ್ಕೊಮ್ಮೆ 'ಪರಂಪರೆಯ ದಿನ' ಅಥವಾ 'ಜಾನಪದ ಉತ್ಸವ' ಎಂಬ ಹೆಸರಿನಲ್ಲಿ ಕಾಲೇಜುಗಳು ಆಚರಿಸುವ ಕಾರ್ಯಕ್ರಮಗಳಲ್ಲಿ ಈ ನೆಲದ ನಾದಕ್ಕೆ ಯಾವ ಸ್ಥಾನ ದೊರೆತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಾವುದೇ ಒಂದು ಸಂಸ್ಥೆಯ ಮೇಲಿನ ಆಕ್ಷೇಪಣೆ ಇಲ್ಲಿನ ಗುರಿಯಲ್ಲ. ಜಾನಪದವನ್ನು ಆವರಣದೊಳಗೆ ಬರಮಾಡಿಕೊಳ್ಳುವ ಒಟ್ಟು ಕ್ರಮವೇ ಇಲ್ಲಿ ವಿಮರ್ಶೆಗೆ ಒಳಗಾಗಿದೆ.

ಊರುಗಳ ಮೇಲೆ ಎದ್ದ ಬಡಾವಣೆ

1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಅಲ್ಲಿಂದ ದಕ್ಷಿಣಕ್ಕೆ ನಗರ ಚಾಚಿದ್ದು ಸ್ವಾತಂತ್ರ್ಯದ ಹೊತ್ತಿಗೆ. 1945ರಲ್ಲಿ ಸ್ಥಾಪಿತವಾದ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಈ ಭಾಗದ ಬಡಾವಣೆಗಳನ್ನು ಯೋಜಿಸಿತು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಮೈಸೂರಿನ ದೊರೆ ಜಯಚಾಮರಾಜ ಒಡೆಯರ ಹೆಸರು ಬಡಾವಣೆಗೆ ಬಂದಿತು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾದ ಮೇಲೆ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ವಿಸ್ತರಣೆ ವೇಗ ಪಡೆಯಿತು.

ಈ ಬಡಾವಣೆಗಳ ನಕ್ಷೆಯಲ್ಲಿ ಹಳ್ಳಿಗಳು ಪೂರ್ತಿಯಾಗಿ ಅಳಿಯಲಿಲ್ಲ. ಗದ್ದೆ, ತೋಟ, ಗೋಮಾಳಗಳು ನಿವೇಶನಗಳಾದವು. ಗ್ರಾಮಠಾಣಾ ಮಾತ್ರ ಉಳಿದುಕೊಂಡಿತು. ಯಡಿಯೂರು, ಭೈರಸಂದ್ರ, ಕನಕನಪಾಳ್ಯ, ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ, ಕತ್ತರಿಗುಪ್ಪೆ, ಹೊಸಕೆರೆಹಳ್ಳಿ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಅಗಲವಾದ ನೇರ ರಸ್ತೆಗಳ ನಡುವೆ ತಟ್ಟನೆ ಕಿರಿದಾಗಿ ಸುತ್ತುವ ಓಣಿಗಳು ಹಳೆಯ ಊರಿನ ಗುರುತುಗಳಾಗಿವೆ. ಬಿ.ಟಿ.ಎಂ. ಎಂಬ ಸಂಕ್ಷಿಪ್ತ ನಾಮವಂತೂ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಅಕ್ಷರಗಳಲ್ಲಿ ಅಡಗಿಸಿಟ್ಟಿದೆ. ಅಲ್ಲಿನ ಕಾಲೇಜುಗಳಲ್ಲಿ ಓದುವ ವಿದ್ಯಾರ್ಥಿಗೆ ಆ ಅಕ್ಷರಗಳು ಬಸ್ಸಿನ ಫಲಕವಾಗಿ ಪರಿಚಿತ, ಊರುಗಳಾಗಿ ಅಪರಿಚಿತ. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನವಿದೆ ಎಂಬುದನ್ನು, ಬೇಗೂರಿನ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ 'ಬೆಂಗಳೂರು' ಎಂಬ ಹೆಸರು ಕಾಣಿಸಿಕೊಳ್ಳುತ್ತದೆ ಎಂಬುದನ್ನು ನೆನೆದರೆ ಈ ಪ್ರದೇಶ ಬಡಾವಣೆಗಿಂತ ಎಷ್ಟು ಹಳೆಯದೆಂಬುದು ಮನವರಿಕೆಯಾಗುತ್ತದೆ.

ಶಾಸನಗಳು ದಾನಿಗಳನ್ನೂ ವೀರರನ್ನೂ ಕುರಿತು ಹೇಳುತ್ತವೆ. ಕೆರೆಯ ತೂಬು ತೆಗೆದವರನ್ನು, ಊರಿಗೆ ಸುದ್ದಿ ಸಾರಿದವರನ್ನು ಕುರಿತು ಅವು ಹೇಳುವುದು ವಿರಳ. ಬರೆಹಕ್ಕೆ ದಕ್ಕದ ಈ ಭಾಗವನ್ನು ವಾದ್ಯ, ಬಡಿತ ಮತ್ತು ಆಚರಣೆಗಳ ಮೂಲಕವೇ ಅರಸಬೇಕಾಗುತ್ತದೆ. ಜಾನಪದ ಅಧ್ಯಯನಕ್ಕೆ ತಮಟೆ ಮುಖ್ಯ ಆಕರವಾಗುವುದು ಈ ಕಾರಣದಿಂದ.

ವಾದ್ಯ, ವೃತ್ತಿ ಮತ್ತು ಭೂಮಿ

ತಮಟೆಯ ರಚನೆ ಸರಳವಾದದ್ದು. ಮರದ ಅಥವಾ ಕಬ್ಬಿಣದ ದುಂಡನೆಯ ಬಳೆಗೆ ಹದಮಾಡಿದ ಚರ್ಮವನ್ನು ಬಿಗಿದು, ಅದನ್ನು ಎಡಹೆಗಲಿನಿಂದ ಇಳಿಬಿಟ್ಟುಕೊಂಡು, ಒಂದು ದಪ್ಪ ಕೋಲು ಮತ್ತು ಒಂದು ತೆಳುವಾದ ಉದ್ದ ಕೋಲಿನಿಂದ ನುಡಿಸಲಾಗುತ್ತದೆ. ಮೃದಂಗಕ್ಕಿರುವಂತೆ ಶ್ರುತಿಗೆ ಕೂಡಿಸುವ ಕರಣೆಯಾಗಲಿ, ಎಳೆದು ಕಟ್ಟುವ ಬಾರಿನ ವ್ಯವಸ್ಥೆಯಾಗಲಿ ಇದಕ್ಕಿಲ್ಲ. ಹುಲ್ಲು, ತರಗು, ಕಾಗದಗಳನ್ನು ಉರಿಸಿ ಚರ್ಮವನ್ನು ಕಾಯಿಸಿದಾಗ ನಾದ ಬಿಗಿಯಾಗುತ್ತದೆ. ಮಳೆಗಾಲದ ತೇವಕ್ಕೆ, ದೀರ್ಘ ವಾದನಕ್ಕೆ ಸಡಿಲಗೊಂಡಾಗ ಮತ್ತೆ ಕಾಯಿಸಬೇಕಾಗುತ್ತದೆ. ಹೀಗೆ ಬೆಂಕಿಯೂ ಬಯಲೂ ಈ ವಾದ್ಯದ ಅಂಗಗಳೇ ಆಗಿವೆ. ಉತ್ತರ ಕರ್ನಾಟಕದ ಹಲಗೆ, ತಮಿಳಿನ ಪರೈ, ತೆಲುಗಿನ ಡಪ್ಪು ಇದೇ ಬಳಗಕ್ಕೆ ಸೇರಿದವು. ಕನ್ನಡ, ತಮಿಳು, ತೆಲುಗು ಮನೆಮಾತಿನ ಶ್ರಮಿಕ ಕುಟುಂಬಗಳು ಒಟ್ಟಿಗೆ ಬದುಕುವ ದಕ್ಷಿಣ ಬೆಂಗಳೂರಿನ ಕೇರಿಗಳಲ್ಲಿ ಭಾಷೆಯ ಗಡಿಗಳನ್ನು ದಾಟಿ ಎಲ್ಲರಿಗೂ ಅರ್ಥವಾಗುವ ನಾದವಿದು.

ತಮಟೆಯ ಬಡಿತಗಳು ಸಂದರ್ಭಕ್ಕೆ ತಕ್ಕಂತೆ ಬೇರೆಯಾಗುತ್ತವೆ. ದೇವರ ಮುಂದಿನ ಬಡಿತ ಬೇರೆ, ಸಾವಿನ ಬಡಿತ ಬೇರೆ, ಸಾರು ಹಾಕುವ ಬಡಿತ ಬೇರೆ. ಕೆರೆಯ ನೀರು ಬಿಡುವ ದಿನ, ಹಬ್ಬದ ದಿನ, ಕಂದಾಯ ಕಟ್ಟಬೇಕಾದ ದಿನ, ನ್ಯಾಯ ಸೇರುವ ದಿನ ಇವೆಲ್ಲವೂ ಸಾರಿನ ಮೂಲಕವೇ ಊರಿಗೆ ತಲುಪುತ್ತಿದ್ದವು. ಅನುಭವಸ್ಥರು ಮನೆಯೊಳಗೆ ಕುಳಿತೇ, ಮಾತು ಕಿವಿಗೆ ಬೀಳುವ ಮುನ್ನವೇ, ಬಡಿತದಿಂದ ವಿಷಯವನ್ನು ಗ್ರಹಿಸಬಲ್ಲವರಾಗಿದ್ದರು. ಆದುದರಿಂದ ತಮಟೆಯನ್ನು ಮನರಂಜನೆಯ ವಾದ್ಯವೆಂದು ವರ್ಗೀಕರಿಸುವುದಕ್ಕಿಂತ ಗ್ರಾಮಾಡಳಿತದ ಒಂದು ಅಂಗವೆಂದು ನೋಡುವುದು ಹೆಚ್ಚು ಸಮಂಜಸ.

ಈ ಅಂಗವನ್ನು ಹೊತ್ತವರು ಬಹುಪಾಲು ಹೊಲೆಯ, ಮಾದಿಗ ಸಮುದಾಯಗಳವರು. ಕುಳವಾಡಿ, ತೋಟಿ, ನೀರುಗಂಟಿ ಮುಂತಾದ ವಂಶಪಾರಂಪರ್ಯ ಊಳಿಗಗಳೊಂದಿಗೆ ವಾದನವೂ ಕೂಡಿಕೊಂಡಿತ್ತು. ಊಳಿಗಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಆಯ, ಕೆಲವೆಡೆ ಇನಾಮು ಭೂಮಿ ದೊರೆಯುತ್ತಿತ್ತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮ 1963ರಲ್ಲಿ ಜಾರಿಗೆ ಬಂದು ಈ ಹುದ್ದೆಗಳನ್ನು ಕೊನೆಗೊಳಿಸಿತು. ಊಳಿಗದ ಭೂಮಿಯನ್ನು ಮರುಮಂಜೂರು ಮಾಡಲು ಅವಕಾಶ ಕಲ್ಪಿಸಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ತಡೆಯುವ ಕಾಯಿದೆ ಬಂದದ್ದು 1978ರಲ್ಲಿ. ಈ ಎರಡು ವರ್ಷಗಳ ನಡುವಿನ ಅವಧಿಯೇ ದಕ್ಷಿಣ ಬೆಂಗಳೂರಿನಲ್ಲಿ ಹೊಲಗಳು ನಿವೇಶನಗಳಾಗುತ್ತಿದ್ದ ಕಾಲವೂ ಹೌದು. ಊಳಿಗ ಕಾನೂನಿನಲ್ಲಿ ಹೋಯಿತು, ಹೊಲ ಬಡಾವಣೆಯಲ್ಲಿ ಹೋಯಿತು, ತೂಬು ತೆಗೆಯಬೇಕಾದ ಅಚ್ಚುಕಟ್ಟು ಇಲ್ಲವಾಯಿತು. ವಾದ್ಯವೊಂದು ಉಳಿಯಿತು, ಅದರೊಡನೆ ವಾದ್ಯಕ್ಕೆ ಅಂಟಿದ ಕಳಂಕವೂ ಉಳಿಯಿತು.

ಈ ಕಳಂಕ ವಾದ್ಯದ ಹುಟ್ಟುಗುಣವಲ್ಲವೆಂಬುದಕ್ಕೆ ಕನ್ನಡ ಪರಂಪರೆಯಲ್ಲೇ ಸಾಕ್ಷ್ಯವಿದೆ. 'ಸಮಧಿಗತ ಪಂಚಮಹಾಶಬ್ದ' ಎಂಬುದು ಶಾಸನಗಳಲ್ಲಿ ಸಾಮಂತರಿಗೆ ಸಲ್ಲುತ್ತಿದ್ದ ಹಿರಿಯ ಬಿರುದು. ಐದು ವಾದ್ಯಗಳ ನಾದವನ್ನು ತಮ್ಮ ಮುಂದೆ ಮೊಳಗಿಸುವ ಹಕ್ಕು ಅದು. ನಿಜಗುಣ ಶಿವಯೋಗಿಯ ವಿವೇಕಚಿಂತಾಮಣಿ ಈ ಐದನ್ನು ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಪಟ್ಟಿ ಮಾಡುತ್ತದೆ. ತಮ್ಮಟವೆಂಬ ಹೆಸರಿಗೂ ತಮಟೆಗೂ ಇರುವ ನಂಟು ಸ್ಪಷ್ಟ. ರಾಜಮರ್ಯಾದೆಯ ಲಾಂಛನವಾಗಿದ್ದ ನಾದ, ಅದನ್ನು ನುಡಿಸುವವರ ಪಾಲಿಗೆ ಮಾತ್ರ ಮರ್ಯಾದೆಯನ್ನು ತರಲಿಲ್ಲ. ನಾದವನ್ನು ಪಡೆಯುವವನಿಗೆ ಗೌರವ, ನುಡಿಸುವವನಿಗೆ ಅಂತರ ಎಂಬ ಈ ವಿಭಜನೆ ಗ್ರಾಮದೇವತೆಯ ಉತ್ಸವದಲ್ಲೂ ಮುಂದುವರಿಯಿತು. ದೇವಿಯ ಮುಂದೆ ನಡೆಯುವ ವಾದ್ಯ ಗುಡಿಯ ಹೊಸ್ತಿಲಿನಾಚೆ ನಿಲ್ಲಬೇಕಾಗಿತ್ತು.

ಉತ್ಸವದ ಬೀದಿ

ಊರು ಬಡಾವಣೆಯಾದ ಮೇಲೂ ಈ ವಾದ್ಯ ಉತ್ಸವದ ಬೀದಿಗಳಲ್ಲಿ ಕೇಳಿಬರುತ್ತದೆ. ನಗರದೇವತೆಯೆನಿಸಿದ ಅಣ್ಣಮ್ಮನ ಉತ್ಸವಮೂರ್ತಿಯನ್ನು ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಿಗೆ ಕರೆತಂದು, ಚಪ್ಪರ ಹಾಕಿ ಕೂರಿಸಿ, ತಂಬಿಟ್ಟಿನ ಆರತಿ ಎತ್ತಿ ಬೀಳ್ಕೊಡುವ ರೂಢಿ ಇಂದಿಗೂ ಬಲವಾಗಿದೆ. ದೇವಿ ಬರುವಾಗಲೂ ಹೋಗುವಾಗಲೂ ಮುಂದೆ ತಮಟೆ ಇರಲೇಬೇಕು. ಮಾರಮ್ಮ, ಮುನೇಶ್ವರರ ಹಬ್ಬಗಳಲ್ಲೂ ಅದೇ ಕ್ರಮ. ಬೆಂಗಳೂರು, ರಾಮನಗರ, ಮಂಡ್ಯ ಸೀಮೆಯ ಪೂಜಾ ಕುಣಿತಕ್ಕೂ ತಮಟೆಯೇ ಆಧಾರ.

ಇಂತಹ ಆಚರಣೆಗಳು ನಗರದ ನೆನಪನ್ನು ಹೇಗೆ ಕಾಪಾಡುತ್ತವೆ ಎಂಬುದನ್ನು ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟವಾದ ಕರಗದ ಅಧ್ಯಯನದಲ್ಲಿ ತೋರಿಸಿಕೊಟ್ಟಿದ್ದಾರೆ. ತಿಗಳ ಸಮುದಾಯದ ತೋಟಗಾರಿಕೆ ಮತ್ತು ಕೆರೆಗಳ ಲೋಕ ನಗರದಿಂದ ಮರೆಯಾದರೂ ಕರಗದ ಹಾದಿಯಲ್ಲಿ ಅದು ಮರುಜೀವ ಪಡೆಯುತ್ತದೆ. ಗ್ರಾಮದೇವತೆಯ ಮೆರವಣಿಗೆಗೂ ಈ ಮಾತನ್ನು ಅನ್ವಯಿಸಬಹುದು. ಊರಿನ ಗಡಿ ಎಲ್ಲಿತ್ತು, ಮೂಲ ಗುಡಿ ಯಾವುದು ಎಂಬ ಪ್ರಶ್ನೆಗಳಿಗೆ ಬಡಾವಣೆಯ ನಕ್ಷೆ ಉತ್ತರಿಸದು. ಮೆರವಣಿಗೆ ಸಾಗುವ ದಾರಿ ಉತ್ತರಿಸಬಲ್ಲದು. ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ನಡೆಸಿದ ಕವಿ ಸಿದ್ಧಲಿಂಗಯ್ಯನವರು ಈ ದೇವತೆಗಳನ್ನು ದುಡಿಯುವ ಜನರ ಲೋಕದೃಷ್ಟಿಯ ಭಾಗವಾಗಿ ಕಂಡುದು ಇಲ್ಲಿ ಸ್ಮರಣೀಯ.

ವೇದಿಕೆಯ ಜಾನಪದ

ಬೀದಿಯಲ್ಲಿ ಹೀಗೆ ಜೀವಂತವಾಗಿರುವ ವಾದ್ಯ ಕಾಲೇಜಿನ ಗೇಟಿನೊಳಗೆ ಬರುವಾಗ ಏನಾಗುತ್ತದೆ? ಮೊದಲನೆಯದಾಗಿ, ಅದು ಬಹುಮಟ್ಟಿಗೆ ಬರುವುದೇ ಇಲ್ಲ. 'ಕರ್ನಾಟಕದ ಜಾನಪದ' ಎಂದೊಡನೆ ವೇದಿಕೆಗೆ ಬರುವುದು ಡೊಳ್ಳು. ಡೊಳ್ಳು ಕುಣಿತ ಹಾಲುಮತ ಕುರುಬ ಸಮುದಾಯದ, ಬೀರಪ್ಪನ ಆರಾಧನೆಯೊಂದಿಗೆ ಬೆಸೆದ, ಮಧ್ಯ ಮತ್ತು ಉತ್ತರ ಕರ್ನಾಟಕದಲ್ಲಿ ಹುಲುಸಾಗಿ ಬೆಳೆದ ಮಹತ್ವದ ಕಲೆ. ಅದರ ಯೋಗ್ಯತೆಯ ಬಗೆಗೆ ಎರಡು ಮಾತಿಲ್ಲ. ಆದರೆ ಸಾರಕ್ಕಿ ಕೆರೆಯ ಮಗ್ಗುಲಿನ ಆವರಣವೊಂದು ತನ್ನ ಪರಂಪರೆಯೆಂದು ಡೊಳ್ಳನ್ನು ಮಾತ್ರ ಮುಂದಿಟ್ಟು, ಹಿಂದಿನ ಓಣಿಯಲ್ಲೇ ವಾಸವಾಗಿರುವ ತಮಟೆಯವರನ್ನು ಗಮನಿಸದಿದ್ದರೆ, ಆಯ್ಕೆಯ ಹಿಂದಿನ ಕಾರಣಗಳನ್ನು ಪ್ರಶ್ನಿಸಲೇಬೇಕಾಗುತ್ತದೆ. ಡೊಳ್ಳಿನ ಗಾತ್ರ, ಸಮವಸ್ತ್ರ, ಸಾಲುಸಾಲಾದ ಚಲನೆ ವೇದಿಕೆಗೆ ಒಪ್ಪುತ್ತವೆ ಎಂಬುದು ಒಂದು ಕಾರಣ. ತಮಟೆಯ ಜೊತೆಗೆ ಸಾವಿನ ಮತ್ತು ಜಾತಿಯ ನೆನಪು ಬರುತ್ತದೆ, ಅದು ಉತ್ಸವದ ಸಂಭ್ರಮಕ್ಕೆ ಹೊಂದದು ಎಂಬ ಹೇಳದೆ ಉಳಿದ ಅಳುಕು ಇನ್ನೊಂದು.

ಎರಡನೆಯದಾಗಿ, ಸ್ಪರ್ಧೆಗಳ ವರ್ಗೀಕರಣವೇ ತಮಟೆಗೆ ಬಾಗಿಲು ಕಿರಿದಾಗಿಸಿದೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ 1985ರಿಂದ ನಡೆಸುತ್ತ ಬಂದಿರುವ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಪಟ್ಟಿಯಲ್ಲಿ ತಾಳವಾದ್ಯದ ಏಕವ್ಯಕ್ತಿ ಸ್ಪರ್ಧೆ ಶಾಸ್ತ್ರೀಯ ವಿಭಾಗಕ್ಕೆ ಸೇರಿದೆ. ಮೃದಂಗ, ತಬಲಾ ನುಡಿಸುವ ವಿದ್ಯಾರ್ಥಿ ಒಬ್ಬ ವಾದಕನಾಗಿ, ತನ್ನ ಹೆಸರಿನಲ್ಲಿ, ತನ್ನ ವಾದನದ ಗುಣಕ್ಕಾಗಿ ತೀರ್ಪಿಗೆ ಒಳಗಾಗುತ್ತಾನೆ. ತಮಟೆಯ ವಾದಕನಿಗೆ ಉಳಿಯುವುದು ಜನಪದ ವಾದ್ಯವೃಂದದಲ್ಲೊಂದು ಮೂಲೆ ಅಥವಾ ಹತ್ತು ನಿಮಿಷದ ಜನಪದ ನೃತ್ಯಕ್ಕೆ ಹಿನ್ನೆಲೆ. ಅವನ ಲಯಜ್ಞಾನ ವ್ಯಕ್ತಿಯ ಸಾಧನೆಯಾಗಿ ಎಣಿಕೆಗೆ ಬರುವುದಿಲ್ಲ. ಸಮೂಹದ ಸಹಜ ಗುಣವಾಗಿ ಕಾಣುತ್ತದೆ. ಮಾರ್ಗಕ್ಕೆ ಕಲಾವಿದ, ದೇಸಿಗೆ ತಂಡ ಎಂಬ ಈ ಭೇದ ನಿರ್ದೋಷಿಯಾದ ಆಡಳಿತ ಕ್ರಮವೆನಿಸಿದರೂ ಅದರ ಪರಿಣಾಮ ಆಳವಾದದ್ದು. ತಾಳವಾದ್ಯವನ್ನು ಪಕ್ಕವಾದ್ಯದ ಸ್ಥಾನದಿಂದ ಎತ್ತಿ ಮುನ್ನೆಲೆಗೆ ತರುವ ಪ್ರಯತ್ನ ಬೆಂಗಳೂರಿನಲ್ಲೇ ನಡೆದಿತ್ತು ಎಂಬುದನ್ನು ಮರೆಯಲಾಗದು. ಟಿ.ಎ.ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಲಯವಾದ್ಯಗಳಿಗೆ ಸ್ವತಂತ್ರ ವೇದಿಕೆ ಕಲ್ಪಿಸಿ, ಜಾಜ್ ಸಂಗೀತದೊಂದಿಗೂ ಸಂವಾದ ನಡೆಸಿತು. ಪಕ್ಕವಾದ್ಯಕ್ಕೆ ದೊರೆತ ಈ ಬಿಡುಗಡೆ ಊರವಾದ್ಯಕ್ಕೆ ಇನ್ನೂ ದೊರೆಯಬೇಕಾಗಿದೆ.

ಮೂರನೆಯದಾಗಿ, ಬಂದ ವಾದ್ಯವೂ ತನ್ನ ಸ್ವರೂಪವನ್ನು ಕಳೆದುಕೊಂಡು ಬರುತ್ತದೆ. ಸಭಾಂಗಣದೊಳಗೆ ಬೆಂಕಿ ಹೊತ್ತಿಸುವಂತಿಲ್ಲ. ಆದುದರಿಂದ ಕಾಯಿಸುವ ಅಗತ್ಯವಿಲ್ಲದ ಪ್ಲಾಸ್ಟಿಕ್ ಹೊದಿಕೆಯ ತಮಟೆ ಅನುಕೂಲವೆನಿಸುತ್ತದೆ. ದೇವರ ಬಡಿತ, ಸಾರಿನ ಬಡಿತ, ಸಾವಿನ ಬಡಿತಗಳ ವ್ಯತ್ಯಾಸ ಅಳಿದು, ಚಪ್ಪಾಳೆ ಗಿಟ್ಟಿಸುವ ಒಂದೇ ದ್ರುತಗತಿ ಉಳಿಯುತ್ತದೆ. ಅತಿಥಿಗಳನ್ನು ಗೇಟಿನಿಂದ ವೇದಿಕೆಯವರೆಗೆ ಕರೆತರುವ ಕೆಲಸಕ್ಕೆ ವಾದ್ಯ ಸೀಮಿತವಾದಾಗಲಂತೂ ಪಂಚಮಹಾಶಬ್ದದ ಹಳೆಯ ವಿಭಜನೆಯೇ ಮರುಕಳಿಸುತ್ತದೆ. ನಾದ ಅತಿಥಿಯ ಗೌರವಕ್ಕೆ. ವಾದಕರು ವೇದಿಕೆಯ ಮೆಟ್ಟಿಲಿನ ಕೆಳಗೆ.

ಇದಕ್ಕೆ ಕಾನೂನಿನ ಆಯಾಮವೂ ಸೇರಿಕೊಂಡಿದೆ. 2000ದ ಶಬ್ದಮಾಲಿನ್ಯ ನಿಯಮಗಳು ಶಿಕ್ಷಣ ಸಂಸ್ಥೆಗಳ ಸುತ್ತಲಿನ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯದ ಪರಿಕಲ್ಪನೆಗೆ ಒಳಪಡಿಸಿದವು. 2017ರ ತಿದ್ದುಪಡಿಯ ನಂತರ ಸರ್ಕಾರ ಘೋಷಿಸಿದ ಪ್ರದೇಶಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಓದಿಗೆ ನೆಮ್ಮದಿ ಬೇಕೆಂಬುದು ನ್ಯಾಯವಾದುದೇ. ಆದರೂ ಒಂದೇ ಬಡಿತ ಗೋಡೆಯ ಹೊರಗಿದ್ದಾಗ ಮಾಲಿನ್ಯವಾಗಿ, ಒಳಗಿದ್ದಾಗ ಪರಂಪರೆಯಾಗಿ ಕೇಳಿಸುವುದಾದರೆ, ವ್ಯತ್ಯಾಸವಿರುವುದು ನಾದದಲ್ಲಿ ಅಲ್ಲವೆಂಬುದು ಸ್ಪಷ್ಟ.

ಹೊರನಾಡಿನ ಒಂದು ನಿದರ್ಶನ

ಆವರಣದ ನೆಲ ಮತ್ತು ಅಲ್ಲಿ ಕೇಳಿಬರುವ ನಾದದ ಸಂಬಂಧವನ್ನು ಕುರಿತ ಪ್ರಶ್ನೆ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕಲ್ಲೊವೀಯಲ್ಲಿರುವ ವೆಸ್ಟರ್ನ್ ಕೆರೊಲಿನಾ ವಿಶ್ವವಿದ್ಯಾಲಯ ಚೆರೋಕಿ ಬುಡಕಟ್ಟಿನ ಹಳೆಯ ಊರಿನ ಮೇಲೆ ನಿಂತಿದೆ. ಆ ಊರಿನ ಮಣ್ಣಿನ ದಿಬ್ಬವನ್ನು 1956ರಲ್ಲಿ ಕಟ್ಟಡಕ್ಕಾಗಿ ನೆಲಸಮ ಮಾಡಲಾಯಿತು. 1838–39ರಲ್ಲಿ ಚೆರೋಕಿ ಜನರನ್ನು ಸೈನ್ಯದ ಬಲದಿಂದ ಪಶ್ಚಿಮಕ್ಕೆ ಅಟ್ಟಿದಾಗ ಬೆಟ್ಟಗಳಲ್ಲಿ ಉಳಿದುಕೊಂಡವರ ವಂಶಸ್ಥರು ಇಂದಿಗೂ ಸಮೀಪದಲ್ಲೇ ವಾಸವಾಗಿದ್ದಾರೆ. ಈ ಜನರ ಲಯವಾದ್ಯಗಳು ಒಳಗೆ ನೀರು ತುಂಬಿಸಿದ ಪುಟ್ಟ ಚರ್ಮವಾದ್ಯ ಮತ್ತು ಬೆಂಕಿಯ ಸುತ್ತಲಿನ ಕುಣಿತದಲ್ಲಿ ಹೆಂಗಸರು ಕಾಲಿಗೆ ಕಟ್ಟಿಕೊಳ್ಳುವ ಆಮೆಚಿಪ್ಪಿನ ಗಿಲಕಿಗಳು. ಆದರೆ 'ಅಮೆರಿಕದ ಮೂಲನಿವಾಸಿಗಳ ಸಂಗೀತ' ಎಂದೊಡನೆ ಜನರ ಕಣ್ಮುಂದೆ ಬರುವುದು ಹಲವರು ಸುತ್ತ ಕುಳಿತು ಬಾರಿಸುವ ದೊಡ್ಡ ನಗಾರಿ. ಅದು ದೂರದ ಬಯಲುಸೀಮೆಯ ಬುಡಕಟ್ಟುಗಳಿಂದ ಹರಡಿದ್ದು. ದೊಡ್ಡ ವಾದ್ಯ ಎಲ್ಲರ ಪ್ರತಿನಿಧಿಯಾಗಿ ನಿಂತಾಗ ನೆಲದ ಪುಟ್ಟ ವಾದ್ಯ ಕಿವಿಗೆ ಬೀಳದೆ ಹೋಗುತ್ತದೆ. ಡೊಳ್ಳು ಮತ್ತು ತಮಟೆಗಳ ನಡುವೆ ಇಲ್ಲಿ ನಡೆದಿರುವುದೂ ಇದೇ ಬಗೆಯದು.

ಹೋಲಿಕೆಗೆ ಮಿತಿಯಿದೆ. ದಕ್ಷಿಣ ಬೆಂಗಳೂರಿನಲ್ಲಿ ಸೈನ್ಯ ಜನರನ್ನು ಹೊರಗಟ್ಟಲಿಲ್ಲ. ಭೂಸ್ವಾಧೀನ ಕಾನೂನಿನ ಮೂಲಕ ನಡೆಯಿತು, ಪರಿಹಾರವೂ ಇತ್ತು. ಆದರೆ ಪರಿಹಾರ ಸಂದದ್ದು ದಾಖಲೆಯಲ್ಲಿ ಹೆಸರಿದ್ದ ಹಿಡುವಳಿದಾರರಿಗೆ. ಆಯವನ್ನು ನಂಬಿದ್ದ ವಾದಕನ ಹಕ್ಕಿಗೆ ಪಹಣಿಯಲ್ಲಿ ಅಂಕಣವಿರಲಿಲ್ಲ.

ಗೌರವ ಮತ್ತು ನಿರಾಕರಣೆ

ಹಾಗಾದರೆ ಡೊಳ್ಳಿನ ಜಾಗದಲ್ಲಿ ತಮಟೆಯನ್ನು ತಂದಿಟ್ಟರೆ ಸಾಕೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಅಷ್ಟು ಸುಲಭವಲ್ಲ. ಅಸ್ಪೃಶ್ಯತೆಯೊಂದಿಗೆ ಬೆಸೆದ ಊಳಿಗಗಳನ್ನು ತೊರೆಯಬೇಕೆಂಬುದು ಅಂಬೇಡ್ಕರ್ ಚಿಂತನೆಯ ಮುಖ್ಯ ಆಶಯ. ಅದರ ಬೆಳಕಿನಲ್ಲಿ ತಮಟೆಯನ್ನು ಕೆಳಗಿಟ್ಟ ಕುಟುಂಬಗಳಿವೆ. ಓದಿ ಉದ್ಯೋಗ ಹಿಡಿದ ಮಗ ತಮಟೆ ಮುಟ್ಟಬಾರದೆಂದು ಬಯಸುವ ತಂದೆಯ ನಿಲುವು ಪರಂಪರೆಯ ತಿರಸ್ಕಾರವಾಗದು. ಅದು ಘನತೆಯ ಹಂಬಲ. ಮತ್ತೊಂದೆಡೆ, 1970ರ ದಶಕದಿಂದ ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಅದೇ ವಾದ್ಯ ಪ್ರತಿರೋಧದ ದನಿಯಾಯಿತು. ಊರಿನ ಅಪ್ಪಣೆಗೆ ಬಾರಿಸಿದ ಕೈಗಳು ತಮ್ಮ ಹಕ್ಕಿಗಾಗಿ ಬಾರಿಸಿದವು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ, ತಂಡವಾಗಿ ಮಾತ್ರ ಕಾಣುತ್ತಿದ್ದ ವಾದಕ ಹೆಸರುಳ್ಳ ಕಲಾವಿದನಾಗಿ ರಾಷ್ಟ್ರಕ್ಕೆ ಕಂಡ.

ತೊರೆಯುವುದು ಮತ್ತು ಮರುಪಡೆಯುವುದು ಎಂಬ ಎರಡು ನಿಲುವುಗಳೂ ಒಂದೇ ಸಮುದಾಯದ ಒಳಗಿನ ನ್ಯಾಯವಾದ ನಿಲುವುಗಳು. ಹೊರಗಿನ ಸಂಸ್ಥೆಯೊಂದು 'ಕಲೆ ಅಳಿಯುತ್ತಿದೆ, ಉಳಿಸಿ' ಎಂದು ಕರೆಕೊಡುವಾಗ ಮೊದಲನೆಯದನ್ನು ಅಜ್ಞಾನವೆಂಬಂತೆ ಕಾಣುತ್ತದೆ. ಉಳಿಸುವ ಹೊಣೆಯನ್ನು ಮತ್ತದೇ ಕೇರಿಯ ಹೆಗಲಿಗೇರಿಸುವ ಉತ್ಸಾಹದಲ್ಲಿ ಊಳಿಗದ ಛಾಯೆ ಅಡಗಿದೆ. ಸಂಗೀತದ ಪಾಠವನ್ನು ಯಾವ ವಿದ್ಯಾರ್ಥಿಯೂ ಕಲಿಯಬಹುದಾದರೆ ತಮಟೆಯನ್ನೂ ಯಾವ ವಿದ್ಯಾರ್ಥಿಯೂ ಕಲಿಯಬಹುದು. ಜಾತಿಯ ಹಂಗಿಲ್ಲದ ಹೆಗಲುಗಳಿಗೆ ಅದು ಏರಿದಾಗಲೇ ಕಳಂಕ ಸಡಿಲಗೊಳ್ಳುವುದು. ಹಾಗೆ ಕಲಿಸುವ ಹಿರಿಯ ವಾದಕರಿಗೆ ಅತಿಥಿ ಉಪನ್ಯಾಸಕರ ಕುರ್ಚಿಯೂ ಸಂಭಾವನೆಯೂ ಸಲ್ಲಬೇಕು. ಕರಪತ್ರದಲ್ಲಿ 'ಮತ್ತು ತಂಡ' ಎಂಬ ಒಕ್ಕಣೆಯ ಬದಲು ವಾದಕರ ಹೆಸರುಗಳು ಅಚ್ಚಾಗಬೇಕು.

ಮೈಸೂರು ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಸ್ಥಾಪನೆಯಾದಾಗಿನಿಂದ ಕನ್ನಡದ ಜಾನಪದ ಅಧ್ಯಯನ ಸಂಗ್ರಹ, ವರ್ಗೀಕರಣ, ಪ್ರದರ್ಶನಗಳಲ್ಲಿ ಗಣನೀಯ ಕೆಲಸ ಮಾಡಿದೆ. ಆ ಅಧ್ಯಯನ ಬಹುಪಾಲು ನಗರದಿಂದ ಹಳ್ಳಿಗೆ ಹೊರಟ ಕ್ಷೇತ್ರಕಾರ್ಯವಾಗಿತ್ತು. ದಕ್ಷಿಣ ಬೆಂಗಳೂರಿನ ಕಾಲೇಜುಗಳಿಗೆ ಆ ಪಯಣದ ಅಗತ್ಯವಿಲ್ಲ. ಕ್ಷೇತ್ರ ಗೋಡೆಯ ಆಚೆ ಬದಿಯಲ್ಲಿದೆ. 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ ಹಳೆಯ ಕಂದಾಯ ನಕ್ಷೆಗಳು ಹೊರಬಂದು ಕೆರೆಯ ಗಡಿ ಚರ್ಚೆಗೆ ಬಂದಿತು. ಅಂತಹ ನಕ್ಷೆಯನ್ನು ಮುಂದಿಟ್ಟುಕೊಂಡು, ಮೆರವಣಿಗೆಯ ಹಾದಿಯನ್ನು ಗುರುತಿಸಿ, ಪ್ರತಿ ಬಡಿತಕ್ಕೆ ಊರಿನ ಯಾವ ಕೆಲಸ ಜೊತೆಯಾಗಿತ್ತೆಂದು ಹಿರಿಯರಿಂದ ಕೇಳಿ ದಾಖಲಿಸುವುದು ಪದವಿ ವಿದ್ಯಾರ್ಥಿಗಳಿಂದ ಸಾಧ್ಯವಾಗುವ ಕೆಲಸ. ತಮಟೆಯನ್ನು ವೇದಿಕೆಗೆ ತರುವ ಮುನ್ನ ಈ ದಾಖಲಾತಿ ನಡೆಯುವುದು ಒಳಿತು.

ಒಟ್ಟಾರೆ, ದಕ್ಷಿಣ ಬೆಂಗಳೂರಿನ ಕಾಲೇಜು ಆವರಣಗಳು ಪರಂಪರೆಯನ್ನು ದೂರದಿಂದ ಕರೆಸಿಕೊಳ್ಳುವ ವಸ್ತುವಾಗಿ ಕಂಡಿವೆ. ತಾವು ನಿಂತ ನೆಲದೊಡನೆ ತಮಗಿರುವ ಋಣವಾಗಿ ಕಾಣುವುದು ಇನ್ನೂ ಬಾಕಿ ಇದೆ. ತಮಟೆಯ ಅಧ್ಯಯನ ಈ ಋಣದ ಲೆಕ್ಕವನ್ನು ಸ್ಪಷ್ಟಪಡಿಸುತ್ತದೆ. ಭೂಮಿ, ನೀರು, ಜಾತಿ ಮತ್ತು ಶ್ರಮದ ಚರಿತ್ರೆಯನ್ನು ಬಿಟ್ಟು ನಾದವನ್ನಷ್ಟೇ ಪಡೆಯುವ ಆವರಣ, ಹಳೆಯ ಊರು ನಡೆಸಿಕೊಂಡಂತೆಯೇ ವಾದಕರನ್ನು ನಡೆಸಿಕೊಂಡಂತಾಗುತ್ತದೆ. ನುಡಿಸುವವರ ಹೆಸರು, ಕೂಲಿ, ಕಲಿಸುವ ಅಧಿಕಾರ ಹಾಗೂ ನುಡಿಸದಿರುವ ಸ್ವಾತಂತ್ರ್ಯ ಈ ನಾಲ್ಕನ್ನೂ ಮಾನ್ಯಮಾಡಿದ ಆವರಣದಲ್ಲಿ ಮಾತ್ರ ತಮಟೆ ಪರಂಪರೆಯೆಂಬ ಹೆಸರಿಗೆ ತಕ್ಕಂತೆ ಮೊಳಗಬಲ್ಲದು.